ಕರೆಂಟ್ ಹೋಗಿ ಬಂದ ಮೇಲೆ ವೀಕ್ಷಣಾಲಯದ ಕಂಪ್ಯೂಟರ್‌ಗಳನ್ನು ಒಟ್ಟಿಗೇ ಏಕೆ ಆನ್ ಮಾಡಬಾರದು?

ಒಂದು ಯಂತ್ರ ಇನ್ನೊಂದನ್ನು ನಂಬಿ ಕೆಲಸ ಮಾಡುತ್ತದೆ. ನಂಬಿದ್ದು ಇನ್ನೂ ಎದ್ದಿಲ್ಲವಾದರೆ ಇದು ತಪ್ಪು ಮಾಹಿತಿ ಹಿಡಿದುಕೊಂಡು ಏಳುತ್ತದೆ. ಆದ್ದರಿಂದ ಮೊದಲು ನೆಟ್‌ವರ್ಕ್, ನಂತರ ಸಮಯ ಹೇಳುವ ಸರ್ವರ್, ದತ್ತಾಂಶದ ಡಿಸ್ಕ್‌ಗಳು, ಆಮೇಲೆ ನಿಯಂತ್ರಣ ಕಂಪ್ಯೂಟರ್. ದೂರದರ್ಶಕದ ಮೋಟಾರಿಗೆ ವಿದ್ಯುತ್ ಕಟ್ಟಕಡೆಗೆ.

ಇದರಲ್ಲಿ ಗಡಿಯಾರದ್ದೇ ದೊಡ್ಡ ಕಥೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ದೂರದರ್ಶಕ ಎತ್ತ ನೋಡಬೇಕೆಂಬ ಲೆಕ್ಕ ಶುರುವಾಗುವುದೇ ಈ ಕ್ಷಣದ ಸಮಯದಿಂದ. ಗಡಿಯಾರ 2 ನಿಮಿಷ ಹಿಂದಿದ್ದರೆ ಗುರಿ ಅರ್ಧ ಡಿಗ್ರಿ ತಪ್ಪುತ್ತದೆ, ಅಂದರೆ ಹುಣ್ಣಿಮೆಯ ಚಂದ್ರನಷ್ಟು ಅಗಲ. ಪುಣೆಯ ನಮ್ಮ ತಾರಸಿಯಲ್ಲಿ ಒಮ್ಮೆ ಶನಿಯನ್ನು ಹುಡುಕಿದರೆ ಬರೀ ಕತ್ತಲೆ! ದೂರದರ್ಶಕ ನಡೆಸುವ ಪುಟ್ಟ ಕಂಪ್ಯೂಟರಿನ ಗಡಿಯಾರಕ್ಕೆ ಬ್ಯಾಟರಿ ಇರಲಿಲ್ಲ. ಅದು ಕರೆಂಟ್ ಹೋದ ಗಳಿಗೆಯಿಂದಲೇ ಲೆಕ್ಕ ಮುಂದುವರಿಸಿತ್ತು.

ಇನ್ನೊಂದು ಮಾತು: ದೀಪ ಬಂದ ಕೂಡಲೇ ಸ್ವಿಚ್‌ಗೆ ಕೈ ಹಾಕಬೇಡಿ. ಮೇ ತಿಂಗಳ ಗುಡುಗುಮಳೆಯಲ್ಲಿ ಬಂದ ಕರೆಂಟ್ ಐದೇ ನಿಮಿಷಕ್ಕೆ ಮತ್ತೆ ಹೋಗುವುದು ಇಲ್ಲಿ ಮಾಮೂಲು. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಾ ಡಿಸ್ಕ್ ತನ್ನ ಕಡತಗಳನ್ನು ಸರಿಪಡಿಸಿಕೊಳ್ಳುತ್ತಿರುವಾಗ ಬೀಳುವ ಎರಡನೆಯ ಪೆಟ್ಟೇ ಹೆಚ್ಚು ಅಪಾಯಕಾರಿ. ನಾನಂತೂ ಕಾಲು ಗಂಟೆ ಚಹಾ ಕುಡಿಯುತ್ತಾ ಕಾಯುತ್ತೇನೆ.