ಮುಚ್ಚಳದ ಮೇಲಿನ ಹೆಸರು

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಇವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ವಯಸ್ಸು ಐವತ್ತೆಂಟು, ಮಂಗಳೂರಿನವರು, ಪ್ರೊಟೆಸ್ಟೆಂಟ್ ಸಭೆಯವರು. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆ ಶುರು ಮಾಡಿದ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಇವರ ಅಜ್ಜ ಲೆಕ್ಕ ಬರೆಯುತ್ತಿದ್ದರಂತೆ. ಲೆಕ್ಕದ ಚಟ ಮೊಮ್ಮಗಳಿಗೂ ಬಂದಿದೆ. ಆರು ವರ್ಷದಿಂದ ಮಂಗಳವಾರ, ಶುಕ್ರವಾರ ಸರ್ಕಾರಿ ಆಸ್ಪತ್ರೆಗೆ ಕುಚ್ಚಲಕ್ಕಿ ಗಂಜಿ, ಚಟ್ನಿ ಒಯ್ಯುತ್ತಾರೆ, ರೋಗಿಗಳ ಜೊತೆ ಉಳಿದವರಿಗೆ. ಎಷ್ಟು ಜನಕ್ಕೆ ಬಡಿಸಿದೆ ಅಂತ ಪ್ರತಿ ಸಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ.

ಈ ಸಲ ಚರ್ಚಿನ ಬೆಳೆಹಬ್ಬದಲ್ಲಿ ಧನ್ಯವಾದ ಹೇಳುವಾಗ ಹನ್ನೆರಡು ಜನರ ಹೆಸರು ಓದಿದರು. ಅಕ್ಕನ ಹೆಸರು ಇರಲಿಲ್ಲ. ಬೇಕಂತ ಬಿಟ್ಟದ್ದಲ್ಲ, ಮರೆತದ್ದು.

"ಹೊಟ್ಟೆಯೊಳಗೆ ಮೆಣಸಿನ ಪುಡಿ ಸುರಿದ ಹಾಗಾಯ್ತು ಮೇಡಂ."

ಮನೆಗೆ ಬಂದು ಗಂಜಿಯ ಸ್ಟೀಲ್ ಕ್ಯಾನ್ ತೊಳೆಯುವಾಗ ಮುಚ್ಚಳ ಕಣ್ಣಿಗೆ ಬಿತ್ತಂತೆ. ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹೆಸರು, ಇಸವಿ ಸಮೇತ. ಕಳೆದುಹೋಗದಿರಲಿ ಅಂತ ಎಲ್ಲರೂ ಕೆತ್ತಿಸುವುದೇ, ಅಲ್ವಾ? ಆದರೆ ಅಕ್ಕನಿಗೆ ಅವತ್ತು ಅನಿಸಿದ್ದು, ಆರು ವರ್ಷ ಯೇಸುವಿನ ಹೆಸರು ಹೇಳಿಕೊಂಡು ಈ ಹೆಸರಿಗೇ ದುಡಿದೆ ಅಂತ. ಗಂಜಿ ನಿಲ್ಲಿಸಿಬಿಟ್ಟರು. ಮನಸ್ಸು ಶುದ್ಧ ಆದ ಮೇಲೆ ಮತ್ತೆ ಹೋಗೋಣ ಅಂತ. ನನ್ನ ಹತ್ತಿರ ಸಲಹೆಗೆ ಬರುವಾಗ ಐದು ವಾರ ಆಗಿತ್ತು.

ನಾನು ಕೇಳಿದೆ, "ಈ ಐದು ವಾರ ಅಲ್ಲಿಯವರು ಏನು ತಿಂದರು?"

ಅಕ್ಕನಿಗೆ ಗೊತ್ತಿರಲಿಲ್ಲ. ಪ್ರಶ್ನೆ ಸ್ವಲ್ಪ ಒರಟಾಯಿತು, ಒಪ್ಪುತ್ತೇನೆ. ಆದರೆ ನಾವು ಎಡವುವುದು ಇಲ್ಲೇ. ಉದ್ದೇಶ ಪರೀಕ್ಷೆ ಮಾಡುತ್ತೇನೆ ಅಂತ ಕೂತರೆ ನಾನು, ನನ್ನ ಮನಸ್ಸು, ನನ್ನ ಪಾಪ ಅಂತ ಸುತ್ತುತ್ತಲೇ ಇರುತ್ತೇವೆ, ಮೂರು ದಿನದಿಂದ ಮಗನ ಮಂಚದ ಪಕ್ಕ ನೆಲದ ಮೇಲೆ ಮಲಗಿರುವ ಕೊಪ್ಪಳದ ತಾಯಿ ಮರೆತೇ ಹೋಗುತ್ತಾಳೆ. ಹೊಗಳಿಕೆಯ ಆಸೆ ಯಾರಿಗಿಲ್ಲ? ಇದನ್ನು ಬರೆಯುವಾಗ ಎಷ್ಟು ಜನ ಓದಬಹುದು ಅಂತ ನಾನೂ ಲೆಕ್ಕ ಹಾಕಿದ್ದೇನೆ.

ಅಕ್ಕ ಬೈಬಲ್‌ನಲ್ಲಿ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ತೆಗೆದು ತೋರಿಸಿದರು, ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅನ್ನುವ ಜಾಗ. ಸ್ವಲ್ಪ ಹಿಂದಕ್ಕೆ ತಿರುಗಿಸಿ ಅಂದೆ. ಯೇಸು ಬೆಟ್ಟದ ಮೇಲೆ ಮಾಡಿದ ಅದೇ ಬೋಧನೆ, 5ನೇ ಅಧ್ಯಾಯದ 16ನೇ ವಚನ. ಜನ ನಿಮ್ಮ ಒಳ್ಳೆಯ ಕೆಲಸ ನೋಡಲಿ, ನೋಡಿ ಪರಲೋಕದ ತಂದೆಯನ್ನು ಕೊಂಡಾಡಲಿ ಅಂತಿದೆ. ನಾಲ್ಕು ಜನಕ್ಕೆ ಕಂಡರೆ ತಪ್ಪಿಲ್ಲ. ಕಾಣಲಿ ಅಂತಲೇ ಮಾಡಿದರೆ ತೊಂದರೆ.

ಆಮೇಲೆ ಇನ್ನೊಂದು ಕೇಳಿದೆ. "ಸಭೆಯ ಯಾರೋ ಹುಡುಗಿ ಇದೇ ಕೆಲಸ ನಿಮಗಿಂತ ಚೆನ್ನಾಗಿ ಮಾಡಿದರೆ, ಹೆಸರೂ ಅವಳಿಗೇ ಹೋದರೆ, ಖುಷಿ ಆಗುತ್ತಾ?"

ತುಂಬಾ ಹೊತ್ತು ಸುಮ್ಮನಿದ್ದರು.

"ಈಗಿನ ಹುಡುಗಿಯರ ಗಂಜಿ ಬರೀ ನೀರು ಮೇಡಂ."

ಅಲ್ಲಿ ಸಿಕ್ಕಿತು ನೋಡಿ, ಐದು ವಾರ ಹುಡುಕಿದ್ದು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಬರುವ ಮಂಗಳವಾರವೇ ಹೋಗಿ, ಮನಸ್ಸು ಹೇಗಿದ್ದರೂ ಸರಿ. ಅಕ್ಕಿ ತೊಳೆಯುವಾಗ "ಕರ್ತನೇ, ಹೊಗಳಿಸಿಕೊಳ್ಳುವ ಆಸೆ ಇವತ್ತೂ ಇದೆ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ ಒಲೆ ಹಚ್ಚಿ. ನೋಟ್‌ಬುಕ್ ಕಪಾಟಿನೊಳಗೆ ಇಡಿ. ಶುಕ್ರವಾರ ಒಬ್ಬ ಹುಡುಗಿಗೆ ಬಿಟ್ಟುಕೊಡಿ, ಉಪ್ಪು ನೋಡಲಿಕ್ಕೂ ಹೋಗಬೇಡಿ. ತಿಂಗಳಿಗೆ ಒಂದು ಸಣ್ಣ ಉಪಕಾರ ಯಾರಿಗೂ ಹೇಳದೆ ಮಾಡಿ, ಗಂಡನಿಗೂ ಬೇಡ, ನನಗೂ ಬೇಡ. ಹೆಸರು ಬಿಟ್ಟುಹೋದಾಗ ಬೇಸರ ಆದದ್ದು ಪಾಪ ಅಂತ ಸುಮ್ನೆ ಕೊರಗಬೇಡಿ, ಯಾರಿಗಾದರೂ ಆಗುತ್ತೆ.

ಮುಚ್ಚಳದ ಹೆಸರು ಉಜ್ಜಿ ತೆಗೆಸಲಾ ಅಂತ ಕೇಳಿದರು. ಬೇಡ, ಪಾತ್ರೆ ಕಳೆದುಹೋಗುತ್ತೆ ಅಂದೆ.

ಎರಡು ತಿಂಗಳ ಮೇಲೆ ಬಂದಿದ್ದರು. ಮಂಗಳವಾರ ತಪ್ಪಿಸಿಲ್ಲ. ಶುಕ್ರವಾರದ ಗಂಜಿ ಮಾತ್ರ ಇನ್ನೂ ನೀರೇ ಅಂತೆ. ನಿಮಗೆ ಹೇಗೆ ಗೊತ್ತಾಯ್ತು ಅಂದೆ.

"ಅಲ್ಲಿಯವರೇ ಹೇಳಿದ್ದು. ನಾನಾಗಿ ಕೇಳಲಿಲ್ಲ" ಅಂದರು, ನನ್ನ ಮುಖ ನೋಡದೆ.