ಕಡಲಂಚಿನ ಊರಿನಲ್ಲಿ ಎಂಜಿನ್ ಭಾಗವನ್ನು ಮನೆಯಲ್ಲೇ ತೊಳೆಯಬಹುದೇ?

ಪ್ರಶ್ನೆ: ನಮ್ಮ ಮನೆ ಕಾರವಾರದಲ್ಲಿ, ಕಡಲಿಗೆ ಸಮೀಪ. ಪೆಟ್ರೋಲ್ ಕಾರು ಅಂಗಳದಲ್ಲಿ ಬಯಲಿನಲ್ಲೇ ನಿಲ್ಲುತ್ತದೆ. ಬಾನೆಟ್ ತೆರೆದರೆ ಅಲ್ಯೂಮಿನಿಯಂ ಭಾಗಗಳ ಮೇಲೆ ಬಿಳಿ ಪುಡಿ, ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಕಿಲುಬು, ಉಳಿದೆಡೆ ಕೆಂಪು ಧೂಳು ಮತ್ತು ಎಣ್ಣೆಜಿಡ್ಡು ಕಾಣುತ್ತದೆ. ಡೀಸೆಲ್ ಸಿಂಪಡಿಸಿ, ಪ್ರೆಶರ್ ವಾಷರ್‌ನಿಂದ ತೊಳೆದು, ಪಾಲಿಶ್ ಹೊಡೆಯಿರಿ ಎಂದು ಪರಿಚಯದವರು ಹೇಳುತ್ತಾರೆ. ಹಾಗೆ ಮಾಡಬಹುದೇ?
— ಓದುಗರೊಬ್ಬರು, ಕಾರವಾರ

ಉತ್ತರ: ಸ್ವಚ್ಛ ಮಾಡಲೇಬೇಕು, ಆದರೆ ಆ ರೀತಿಯಲ್ಲಿ ಬೇಡ. ಡೀಸೆಲ್ ಮತ್ತು ಸೀಮೆಎಣ್ಣೆ ಜಿಡ್ಡನ್ನು ಕರಗಿಸುವುದು ನಿಜವಾದರೂ, ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಹರಿಯುವ ರಬ್ಬರ್ ಹೋಸ್‌ಗಳು ಅವುಗಳಿಂದ ಉಬ್ಬಿ ಮೆತ್ತಗಾಗುತ್ತವೆ. ಸಂದಿಗಳಲ್ಲಿ ಉಳಿದ ಪಸೆ ಬಿಸಿಯಾದ ಎಕ್ಸಾಸ್ಟ್‌ಗೆ ತಗುಲಿದರೆ ಬೆಂಕಿಯ ಅಪಾಯವೂ ಉಂಟು.

ನಿಮ್ಮ ಕಾರಿನ ಮುಖ್ಯ ಶತ್ರು ಜಿಡ್ಡಲ್ಲ, ಉಪ್ಪು. ಗಾಳಿಯ ತೇವಾಂಶ ಸುಮಾರು ಶೇ 75ನ್ನು ದಾಟಿದಾಗ ಉಪ್ಪು ತಾನಾಗಿ ನೀರನ್ನು ಹೀರಿ ಕರಗುತ್ತದೆ, ಆ ದ್ರಾವಣವೇ ಅಲ್ಯೂಮಿನಿಯಂ, ತಾಮ್ರ ಮತ್ತು ಕಬ್ಬಿಣವನ್ನು ತಿನ್ನುತ್ತದೆ. ನೀವು ಕಂಡ ಬಿಳಿ ಪುಡಿ ಬಹುಪಾಲು ಹಾಗೆ ಸವೆದ ಅಲ್ಯೂಮಿನಿಯಮ್ಮಿನದು. ಆದ್ದರಿಂದ ಬಳಸುವ ನೀರು ಸಿಹಿಯಾಗಿರಬೇಕು. ಕಡಲಂಚಿನ ಹಲವು ಬಾವಿಗಳ ನೀರು ಬೇಸಿಗೆಯಲ್ಲಿ ಸವುಳಾಗುವುದನ್ನು ನೀವು ಬಲ್ಲಿರಿ. ಅಂಥ ನೀರಿನಲ್ಲಿ ತೊಳೆದರೆ ತೆಗೆಯಬೇಕಾದ ಉಪ್ಪನ್ನೇ ಮತ್ತೆ ಬಳಿದಂತಾಗುತ್ತದೆ.

ಎಂಜಿನ್ ಕೈಯಿಟ್ಟರೆ ತಣ್ಣಗಿರುವಷ್ಟು ಆರಿದ ಮೇಲೆ ಕೆಲಸಕ್ಕೆ ತೊಡಗಿ. ಕೈಗವಸು ಮತ್ತು ಕನ್ನಡಕ ಧರಿಸಿ, ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ. ಜೋಡಿಸುವಾಗ ಅದು ಕೊನೆಯದಾಗಿರಲಿ. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ತಂತಿಗಳ ಹತ್ತಿರ ಕೈಹಾಕದೆ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ. ವೈಪರ್‌ನ ಕೆಳಗಿನ ಗಾಳಿಕಿಂಡಿಯಲ್ಲಿ ಸೇರಿದ ತರಗೆಲೆಗಳನ್ನು ಒಣಗಿರುವಾಗಲೇ ಆರಿಸಿ ತೆಗೆಯಿರಿ. ಮರದಡಿ ಕಾರು ನಿಲ್ಲಿಸುವ ಶಿರಸಿ ಕಡೆಯವರು ಇದನ್ನು ಮಳೆಗಾಲಕ್ಕೆ ಮೊದಲೇ ಮಾಡಬೇಕು, ಏಕೆಂದರೆ ದರಕು ತುಂಬಿ ಅಲ್ಲಿನ ನೀರುಗಂಡಿ ಕಟ್ಟಿದರೆ ಮಳೆನೀರು ಕಾರಿನ ಒಳಕ್ಕೇ ಇಳಿಯಬಹುದು.

ಆಲ್ಟರ್ನೇಟರ್ (ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ), ಫ್ಯೂಸ್ ಬಾಕ್ಸ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್), ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಕೊಡುವ ಭಾಗ) ಮತ್ತು ಏರ್ ಫಿಲ್ಟರ್‌ನ ಬಾಯಿಗಳಿಗೆ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿ. ನೀರಿನಲ್ಲಿ ಬೆರೆಯುವ ಡಿಗ್ರೀಸರನ್ನು (ಜಿಡ್ಡು ತೆಗೆಯುವ ದ್ರಾವಣ) ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ತೆಳುಗೊಳಿಸಿ, ಸಣ್ಣ ಭಾಗಕ್ಕೆ ಸಿಂಪಡಿಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಒಣಗುವ ಮುನ್ನವೇ ಒರೆಸಿ. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಹೋಸ್ ಪೈಪೂ ಬೇಕಿಲ್ಲ. ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸುತ್ತ ಒರೆಸಿದರೆ ಉಪ್ಪು ಮತ್ತು ಜಿಡ್ಡು ಎರಡೂ ಹೋಗುತ್ತವೆ. ಪ್ರೆಶರ್ ವಾಷರ್‌ನ ಧಾರೆಯಾದರೋ ಕನೆಕ್ಟರ್‌ಗಳ ಸೀಲನ್ನು ದಾಟಿ ಒಳಹೊಕ್ಕು, ಸ್ಪಾರ್ಕ್ ಪ್ಲಗ್‌ನ ಕುಳಿಗಳಲ್ಲಿ ನಿಂತು, ಎಂಜಿನ್ ತಡವರಿಸಿ ಓಡುವಂತೆ ಮಾಡುತ್ತದೆ. ತೊಳೆದ ಜಿಡ್ಡುನೀರು ಬಾವಿಯ ಕಡೆಗೆ ಹರಿಯದಂತೆ ದಯವಿಟ್ಟು ಎಚ್ಚರವಹಿಸಿ.

ಟರ್ಮಿನಲ್‌ಗಳ ಕಿಲುಬಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ನೊರೆ ನಿಂತ ಮೇಲೆ ಒರೆಸಿ. ದ್ರವ ಬ್ಯಾಟರಿಯ ಒಳಕ್ಕೆ ಇಳಿಯಬಾರದು. ತಂತಿ ಜೋಡಿಸಿದ ನಂತರ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಉಪ್ಪುಗಾಳಿ ಲೋಹಕ್ಕೆ ತಾಗದು. ಕಾರಿನ ಲೋಹದ ಮೈಗೆ ಬೋಲ್ಟ್ ಹಾಕಿದ ಅರ್ಥಿಂಗ್ ತಂತಿಯ ತುದಿಗಳಿಗೂ ಇದನ್ನೇ ಮಾಡಿ. ಕರಾವಳಿಯ ಕಾರುಗಳಲ್ಲಿ ಕಾರಣ ಸಿಗದ ವಿದ್ಯುತ್ ತೊಂದರೆಗಳ ಮೂಲವನ್ನು ಹಲವು ಬಾರಿ ಅಲ್ಲಿಯೇ ಹುಡುಕಬೇಕಾಗುತ್ತದೆ.

ಹೊಳಪಿನ ವಿಷಯಕ್ಕೆ ಬಂದರೆ, ನೀರು ಆಧಾರಿತ ಡ್ರೆಸಿಂಗನ್ನು (ಹೊಳಪು ಕೊಡುವ ದ್ರವ) ಬಟ್ಟೆಗೆ ಹಾಕಿಕೊಂಡು ಪ್ಲಾಸ್ಟಿಕ್ ಮುಚ್ಚಳಗಳಿಗೆ ಮತ್ತು ಹೋಸ್‌ಗಳಿಗೆ ಮಾತ್ರ ಸವರಿ. ಜಿಡ್ಡುಜಿಡ್ಡಾಗಿ ಉಳಿಯುವ ಪಾಲಿಶ್ ಕೆಂಪು ಧೂಳನ್ನು ಹಿಡಿದಿಡುತ್ತದೆ, ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ. ಕೊನೆಗೆ ಹೊದಿಕೆಗಳನ್ನೆಲ್ಲ ತೆಗೆದು, ಬಾನೆಟ್ ತೆರೆದಿಟ್ಟು ಚೆನ್ನಾಗಿ ಒಣಗಿಸಿದ ಮೇಲಷ್ಟೇ ಎಂಜಿನ್ ಚಾಲೂ ಮಾಡಿ. ಚೆಕ್ ಎಂಜಿನ್ ದೀಪ ಹತ್ತಿದರೆ ಅಥವಾ ಎಂಜಿನ್ ತಡವರಿಸಿದರೆ ಅದನ್ನು ನಿಲ್ಲಿಸಿ, ಇನ್ನಷ್ಟು ಒಣಗಲು ಬಿಡಿ. ಆಗಲೂ ಸರಿಹೋಗದಿದ್ದರೆ ಓಡಿಸದೆ ಮೆಕ್ಯಾನಿಕ್‌ರನ್ನು ಮನೆಗೇ ಕರೆಸಿ.