ನೆಂಟರ ಮನೆಯಲ್ಲಿ ತಂಗಿದವರಿಗೆ ನೆರೆ ಪರಿಹಾರ ಸಿಗುತ್ತದೆಯೇ?

ನೆರೆಯ ನೀರು ಮನೆಗೆ ನುಗ್ಗಿದ್ದರಿಂದ ನೀವು ನೆಂಟರ ಮನೆಯಲ್ಲಿ ಉಳಿದುಕೊಂಡಿದ್ದೀರಿ. ಪರಿಹಾರ ಕೇಂದ್ರದಲ್ಲಿ ಇಲ್ಲದವರಿಗೂ ಆಹಾರ ಸಾಮಗ್ರಿ ಮತ್ತು ಪರಿಹಾರಧನ ಸಿಗುತ್ತದೆಯೇ, ಮನೆಯನ್ನು ಈಗಲೇ ತೊಳೆದುಬಿಡಬಹುದೇ ಎಂದು ಕೇಳಿದ್ದೀರಿ. ನೆರೆಯ ಸಮಯದಲ್ಲಿ ಪರಿಹಾರ ಕೇಂದ್ರದ ನೋಂದಣಿ ಮೇಜಿನಲ್ಲಿ ಸ್ವಯಂಸೇವಕನಾಗಿ ಕುಳಿತು ಕಂಡದ್ದರ ಆಧಾರದಿಂದ ಹೇಳುವುದಾದರೆ, ಕೇಂದ್ರದಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಆಸೆ ಬಿಡಬೇಕಿಲ್ಲ, ಆದರೆ ನೆರವು ತಾನಾಗಿ ನಿಮ್ಮನ್ನು ಹುಡುಕಿಕೊಂಡು ಬರುವುದೂ ಇಲ್ಲ. ತೊಳೆಯುವುದಕ್ಕೆ ಮುನ್ನ ಮಾಡಬೇಕಾದ ಕೆಲಸವೂ ಸ್ವಲ್ಪ ಇದೆ.

ಆಹಾರ ಸಾಮಗ್ರಿಯನ್ನು ತಲೆಯೆಣಿಕೆಯ ಮೇಲೆ ಹಂಚುತ್ತಾರೆ. ಪರಿಹಾರಧನವನ್ನು ನಷ್ಟದ ಸಮೀಕ್ಷೆ ನಡೆಸಿ ಕೊಡುತ್ತಾರೆ. ಇವೆರಡರ ಪಟ್ಟಿಗಳು ಬೇರೆ, ಅವನ್ನು ನೋಡಿಕೊಳ್ಳುವವರೂ ಸಾಮಾನ್ಯವಾಗಿ ಬೇರೆಯೇ. ದಿನಸಿ ಪಡೆದವರ ಪಟ್ಟಿಯಲ್ಲಿ ಹೆಸರಿದೆಯಲ್ಲ, ಪರಿಹಾರವೂ ಬಂದೇ ಬರುತ್ತದೆ ಎಂದು ನಂಬಿ ಕುಳಿತವರು ಸಮೀಕ್ಷೆ ಮುಗಿದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಆದ್ದರಿಂದ ಹತ್ತಿರದ ಪರಿಹಾರ ಕೇಂದ್ರಕ್ಕೋ ಸ್ಥಳೀಯ ಆಡಳಿತದ ಕಚೇರಿಗೋ ನೀವೇ ಹೋಗಿ, ಕೇಂದ್ರದ ಹೊರಗೆ ತಂಗಿರುವ ಸಂತ್ರಸ್ತರು ಎಂದು ತಿಳಿಸಿ, ಎರಡು ಪಟ್ಟಿಗಳಲ್ಲಿಯೂ ಹೆಸರು ಬರೆಸಿ. ಬರೆಸುವಾಗ ನೀರು ನುಗ್ಗಿದ ಮನೆಯ ವಿಳಾಸವನ್ನೇ ಮುಖ್ಯ ವಿಳಾಸವಾಗಿ ಕೊಡಿ. ಈಗ ಇರುವ ಮನೆಯದು ಸಂಪರ್ಕಕ್ಕೆ ಮಾತ್ರ. ನಿಮ್ಮನ್ನು ನೆಂಟರ ಕುಟುಂಬದ ಸದಸ್ಯರೆಂದು ಸೇರಿಸಿ ಬರೆದುಕೊಂಡರೆ ಮುಂದೆ ನಿಮ್ಮ ಮನೆಯ ನಷ್ಟಕ್ಕೂ ಈ ಹೆಸರಿಗೂ ತಾಳೆಯಾಗುವುದಿಲ್ಲ. ಎಲ್ಲ ಅರ್ಜಿಗಳಲ್ಲಿಯೂ ಒಂದೇ ದೂರವಾಣಿ ಸಂಖ್ಯೆ ಇರಲಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿಯನ್ನು ಕೇಳಿ ಪಡೆದುಕೊಳ್ಳಿ.

ತಲೆಯೆಣಿಕೆಯ ವಿಷಯದಲ್ಲಿ ಸಂಕೋಚ ಬೇಡ. ಮೇಜಿನ ಮುಂದೆ ನಿಂತು ಮನೆಯವರನ್ನೆಲ್ಲ ಎಣಿಸಿ ಹೇಳಿದ ತಾಯಿ, ಸೊಂಟದ ಮೇಲಿದ್ದ ಕೂಸನ್ನು ಮಾತ್ರ ಬಿಟ್ಟುಬಿಡುತ್ತಿದ್ದಳು. ಕೇಳಿದರೆ, "ಅದಿನ್ನೂ ಊಟ ಮಾಡುವುದಿಲ್ಲವಲ್ಲ" ಎನ್ನುತ್ತಿದ್ದಳು. ಹಾಸಿಗೆ ಹಿಡಿದ ಹಿರಿಯರೂ ಹೀಗೆಯೇ ಲೆಕ್ಕದಿಂದ ಜಾರಿಹೋಗುತ್ತಾರೆ. ಪರಿಹಾರ ಸಂಸ್ಥೆಗಳು ವ್ಯಾಪಕವಾಗಿ ಅನುಸರಿಸುವ ಸ್ಫಿಯರ್ ಕೈಪಿಡಿಯ ಮಾನದಂಡದಲ್ಲಿ ಒಬ್ಬರಿಗೆ ದಿನಕ್ಕೆ ಸರಾಸರಿ 2,100 ಕಿಲೋಕ್ಯಾಲರಿ ಆಹಾರ ಮತ್ತು ಕನಿಷ್ಠ 15 ಲೀಟರ್ ನೀರು ಎಂಬ ಲೆಕ್ಕವಿದೆ. ಇಂಥ ಲೆಕ್ಕದಲ್ಲಿ ಒಂದು ತಲೆ ಕಡಿಮೆಯಾದರೆ ಇಡೀ ಮನೆಯ ಪಾಲು ಕಡಿಮೆಯಾಗುತ್ತದೆ. ಗರ್ಭಿಣಿ, ಬಾಣಂತಿ, ಮಧುಮೇಹಿ ಇದ್ದರೆ ಅದನ್ನೂ ಹೇಳಿ. ಎದೆಹಾಲು ಕುಡಿಯುವ ಮಗುವಿಗೆ, ಸಿಗುತ್ತದೆ ಎಂಬ ಕಾರಣಕ್ಕೆ ಹಾಲಿನ ಪುಡಿಯನ್ನು ಆರಂಭಿಸಬೇಡಿ. ಶುದ್ಧ ನೀರಿಗೇ ಕೊರತೆ ಇರುವಾಗ ಅದು ಅತಿಸಾರಕ್ಕೆ ದಾರಿಯಾಗಬಹುದು. ಅದರ ಬದಲು ತಾಯಿಗೆ ಹೆಚ್ಚಿನ ಆಹಾರ ಕೇಳುವುದು ಮೇಲು. ಅಡುಗೆ ಮಾಡಿಕೊಳ್ಳಲು ಒಲೆ, ಪಾತ್ರೆ ಇಲ್ಲದಿದ್ದರೆ ಅದನ್ನೂ ಮೊದಲೇ ತಿಳಿಸಿ, ಇಲ್ಲವಾದರೆ ಬೇಯಿಸಲಾಗದ ಧಾನ್ಯದ ಚೀಲ ಹೊತ್ತು ಹಿಂದಿರುಗಬೇಕಾಗುತ್ತದೆ.

ಮನೆಯಲ್ಲಿ ಉಳಿದ ಆಹಾರದ ಬಗ್ಗೆ ಹೆಚ್ಚು ಯೋಚಿಸುವಂಥದ್ದೇನಿಲ್ಲ. ನೆರೆ ನೀರು ತಾಗಿದ್ದನ್ನು, ವಿದ್ಯುತ್ ಹೋಗಿ ನಾಲ್ಕು ಗಂಟೆ ಮೀರಿದ್ದರೆ ಫ್ರಿಜ್‌ನಲ್ಲಿದ್ದ ಬೇಗ ಕೆಡುವ ಪದಾರ್ಥಗಳನ್ನು ಎಸೆಯಿರಿ. ಆದರೆ ಎಸೆಯುವ ಮುನ್ನ ಚಿತ್ರ ತೆಗೆದಿಟ್ಟುಕೊಳ್ಳಿ, ಅದೂ ನಷ್ಟವೇ.

ಇನ್ನು ಮನೆ ತೊಳೆಯುವ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕೆಲವರು ಬಂದ ದಿನವೇ ಎಲ್ಲವನ್ನೂ ತೊಳೆದು ಬಳಿದು, ಸಮೀಕ್ಷೆಯವರು ಬಂದಾಗ ತೋರಿಸಲು ಏನೂ ಉಳಿದಿಲ್ಲ ಎಂದು ಪರಿತಪಿಸುತ್ತಾರೆ. ಇನ್ನು ಕೆಲವರು ಸಮೀಕ್ಷೆಗಾಗಿ ಕೆಸರಿನ ನಡುವೆಯೇ ಕಾಯುತ್ತಾರೆ. ಒದ್ದೆಯಾದ ಹಾಸಿಗೆ, ಮರ, ಗೋಡೆಗಳಲ್ಲಿ 24ರಿಂದ 48 ಗಂಟೆಗಳೊಳಗೆ ಬೂಷ್ಟು ಹಿಡಿಯಲು ಆರಂಭವಾಗಬಹುದಾದ್ದರಿಂದ ಹಾಗೆ ಕಾಯುವುದು ಆರೋಗ್ಯಕ್ಕೂ ಮನೆಗೂ ಕೆಡುಕು. ವಿಮೆ ಇದ್ದರೆ, ನಷ್ಟ ಇನ್ನಷ್ಟು ಹೆಚ್ಚದಂತೆ ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ನಿಮ್ಮ ಮೇಲೆಯೇ ಇರುತ್ತದೆ. ಮೊದಲು ವಿದ್ಯುತ್ ಸಂಪರ್ಕ ಕಡಿತವಾಗಿದೆಯೆಂದು ಖಚಿತಪಡಿಸಿಕೊಂಡು ಒಳಗೆ ಹೋಗಿ. ಗೋಡೆಯ ಮೇಲೆ ನೀರು ನಿಂತ ಗುರುತು ಕಂದು ಗೆರೆಯಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ಅಳತೆಯ ಟೇಪನ್ನು ನೆಲದಿಂದ ನೇರವಾಗಿ ಹಿಡಿಸಿ, ಅಂಕಿಗಳು ಓದುವಂತೆ ಚಿತ್ರ ತೆಗೆಯಿರಿ. ಬಳಿಕ ಪ್ರತಿ ಕೋಣೆಯನ್ನು ನಾಲ್ಕು ಮೂಲೆಗಳಿಂದ, ಹಾಳಾದ ಯಂತ್ರಗಳನ್ನು ಅವುಗಳ ಹಿಂಬದಿಯ ಕ್ರಮಸಂಖ್ಯೆ ಕಾಣುವಂತೆ, ಮನೆಯನ್ನು ಹೊರಗಿನಿಂದ ಅಕ್ಕಪಕ್ಕದ ಮನೆಗಳು ಕಾಣುವಂತೆ ತೆಗೆದಿಡಿ. ಆರೋಗ್ಯದ ದೃಷ್ಟಿಯಿಂದ ಶುಚಿಗೊಳಿಸುತ್ತಿದ್ದೇವೆ ಎಂದು ಕಚೇರಿಗೂ ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ, ಆಮೇಲೆ ಧಾರಾಳವಾಗಿ ತೊಳೆಯಿರಿ. ಪಂಪ್ ಬಾಡಿಗೆ, ಕೂಲಿ, ಕ್ರಿಮಿನಾಶಕ ಮುಂತಾದ ಖರ್ಚಿನ ರಸೀದಿಗಳನ್ನೆಲ್ಲ ಒಂದೆಡೆ ಇಡಿ.

ದಾಖಲೆಗಳು ನೆನೆದಿದ್ದರೆ ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೆಂಟರ ಮನೆಯ ಫ್ರೀಜರಿನಲ್ಲಿಟ್ಟರೆ ಬೂಷ್ಟು ತಡೆಯುತ್ತದೆ, ನಿಧಾನವಾಗಿ ಒಣಗಿಸಲು ಸಮಯವೂ ಸಿಗುತ್ತದೆ. ದಾಖಲೆ ಇಲ್ಲವೆಂದು ಅರ್ಜಿಯನ್ನು ಮಾತ್ರ ತಡಮಾಡಬೇಡಿ. ಕೊನೆಯ ದಿನಾಂಕ ದಾಖಲೆಗಾಗಿ ಕಾಯುವುದಿಲ್ಲ. ಅರ್ಜಿ ಕೊಟ್ಟು, ನಕಲು ಪ್ರತಿಗೆ ಅರ್ಜಿ ಹಾಕಿರುವುದನ್ನು ಅದರಲ್ಲಿಯೇ ನಮೂದಿಸಿ. ಬಾಡಿಗೆದಾರರಾಗಿದ್ದರೂ ಸುಮ್ಮನಿರಬೇಡಿ, ಏಕೆಂದರೆ ಕಟ್ಟಡದ ಹಾನಿ ಮಾಲೀಕರದಾದರೂ ಒಳಗಿನ ಸಾಮಾನುಗಳ ಹಾನಿ ನಿಮ್ಮದು. ಪರಿಹಾರ ಬೇಗ ಮಂಜೂರು ಮಾಡಿಸುತ್ತೇನೆಂದು ಹಣವನ್ನೋ ಬ್ಯಾಂಕಿನ ಒಟಿಪಿಯನ್ನೋ ಕೇಳುವವರು ಇಂಥ ಹೊತ್ತಿನಲ್ಲಿ ತಪ್ಪದೆ ಹುಟ್ಟಿಕೊಳ್ಳುತ್ತಾರೆ, ಅವರನ್ನು ದೂರವಿಡಿ.

ಸಮೀಕ್ಷೆಯ ದಿನ ಮನೆಯ ವಿವರ ಬಲ್ಲ ಒಬ್ಬರಾದರೂ ಅಲ್ಲಿರಬೇಕು. ಹಾನಿಯನ್ನು ಭಾಗಶಃ ಎಂದು ಬರೆದಿದ್ದಾರೋ ಪೂರ್ಣ ಎಂದೋ, ಕೋಣೆಗಳ ಸಂಖ್ಯೆ ಸರಿಯಿದೆಯೋ ಎಂಬುದನ್ನು ಓದಿ ನೋಡಿದ ಮೇಲೆಯೇ ಸಹಿ ಹಾಕಿ, ಆ ಹಾಳೆಯ ಚಿತ್ರ ತೆಗೆದುಕೊಳ್ಳಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಹೆಸರಿನ ಅಕ್ಷರ ವ್ಯತ್ಯಾಸ, ಮನೆ ಸಂಖ್ಯೆಯ ತಪ್ಪು, ಲಗತ್ತಿಸದ ಒಂದು ಹಾಳೆ ಇಂಥ ಸಣ್ಣ ಕಾರಣಗಳಿಗೂ ಅರ್ಜಿಗಳು ಹಿಂದಿರುಗುತ್ತವೆ. ಅಂಥದ್ದಾದರೆ ತಿದ್ದುಪಡಿ ಸಾಕೋ ಮೇಲ್ಮನವಿ ಬೇಕೋ, ಅದಕ್ಕೆ ಕೊನೆಯ ದಿನ ಯಾವುದು ಎಂಬುದನ್ನು ಅದೇ ಮೇಜಿನಲ್ಲಿ ಕೇಳಿ ಬರೆದುಕೊಂಡೇ ಹೊರಬನ್ನಿ.